ವಿರೋಧದ ಚೀಟಿ

ಬಿಸ್ಕತ್ತಿನ ಡಬ್ಬಿಯಲ್ಲಿ ಇಪ್ಪತ್ತೆರಡು ಚೀಟಿ.
ಹನ್ನೊಂದು ಪರ, ಹನ್ನೊಂದು ವಿರೋಧ.
ಮಡಚಿದವಳು ನಾನೇ, ನಿನ್ನೆ ರಾತ್ರಿ,
ಬಂಗುಡೆ ಸಾರು ಕುದಿಯುವಷ್ಟು ಹೊತ್ತಿನಲ್ಲಿ.
ವಿಷಯ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ:
ಹುಟ್ಟಿದ ನೆಲ ತಾನಾಗಿಯೇ ಪೌರತ್ವ ಕೊಡಬೇಕೆ?
ಪ್ರಶ್ನೆಚಿಹ್ನೆಯ ಚುಕ್ಕೆ
ಯಾರದೋ ಮೊಣಕೈ ತಾಗಿ ಅಳಿಸಿತ್ತು.

ಏಳನೆಯವಳು ಬಿಪನಾ ಘರ್ತಿ.
ಬಿಜೈಯ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಅವಳಪ್ಪ,
ನೀರಿನ ಪಂಪಿನ ಪಕ್ಕದ ಕೋಣೆಯೇ ಮನೆ.
ಹುಟ್ಟಿದ್ದು ಲೇಡಿಗೋಶನ್ನಿನಲ್ಲಿ.
ಮೊದಲ ಮಾತು ಯಾವ ಭಾಷೆಯಲ್ಲೋ,
ಮೊದಲ ಬೈಗುಳ ತುಳುವಿನಲ್ಲಿ;
ಇಡೀ ಎರಡನೇ ಮಹಡಿ ಅದಕ್ಕೆ ಸಾಕ್ಷಿ.

ಚೀಟಿ ಬಿಚ್ಚಿದಳು. ವಿರೋಧ.
ಬದಲಾಯಿಸಬಹುದಾ ಅಂತ ಕಣ್ಣಲ್ಲೇ ಕೇಳಿದ್ದು
ನಾನು,
ಅವಳಲ್ಲ.

ಮಾನ್ಯ ತೀರ್ಪುಗಾರರೇ, ಎಂದಳು.
ರೈಲಿನಲ್ಲಿ ಹುಟ್ಟಿದ ಮಗು ರೈಲ್ವೆ ಇಲಾಖೆಯದಲ್ಲ.
ಧಕ್ಕೆಗೆ ಕಟ್ಟಿದ ದೋಣಿಯೆಲ್ಲ ಧಕ್ಕೆಯದೇ ಆದರೆ
ಬಲೆ ಹೊತ್ತು ಬಂದವನು ಎಲ್ಲಿಗೆ ಹೋಗಬೇಕು?
ದೇಶವೆಂದರೆ ಹೆರಿಗೆ ಕೋಣೆಯಲ್ಲ.
ತೆರಿಗೆ, ಸರದಿ, ಓಟು, ಜಗಳ,
ಇವನ್ನೆಲ್ಲ ಒಟ್ಟಿಗೆ ಹೊರುವವರು
ಹೂಂ ಅನ್ನಬೇಡವೇ ಒಮ್ಮೆ?
ಬಾಗಿಲೇ ಇಲ್ಲದ ಮನೆಗೆ ಅತಿಥಿಯೂ ಇಲ್ಲ.

ಆ ಸಾಲಿಗೆ ಸಭಾಂಗಣವೆಲ್ಲ ಚಪ್ಪಾಳೆ.
ಬರೆದುಕೊಟ್ಟದ್ದು ನಾನು, ಕಳೆದ ವಾರ,
ಎರಡೂ ಕಡೆಗೆ ತಯಾರಿರಬೇಕಲ್ಲ ಎಂದು.

ನಾನು ಹುಟ್ಟಿದ್ದು ಕುವೈತಿನಲ್ಲಿ.
ಅಪ್ಪ ಅಲ್ಲಿ ಲಾರಿಗಳ ಅಡಿಯಲ್ಲಿ ಮಲಗಿ ದುಡಿದವರು.
ಆ ನೆಲ ನನ್ನನ್ನು ಒಂದು ದಿನ ತನ್ನವಳೆನ್ನಲಿಲ್ಲ,
ನಮಗೂ ಅದು ಬೇಕಿರಲಿಲ್ಲ ಅನ್ನಿ.
ತೊಂಬತ್ತರಲ್ಲಿ ಟ್ಯಾಂಕುಗಳು ಬಂದಾಗ
ಅಮ್ಮನ ಪಾಸ್‌ಪೋರ್ಟಿನ ಒಂದು ಸಾಲಿನಲ್ಲಿ
ಹೆಸರಾಗಿ ಕೂತು ಬಂದೆ.
ಒಮ್ಮೆಯೂ ಕಾಣದ ಊರು
ಆರು ವರ್ಷದವಳನ್ನು ಏನೂ ಕೇಳದೆ ಎತ್ತಿಕೊಂಡಿತು.
ಕನ್ನಡ ಒಂದಕ್ಷರ ಬರುತ್ತಿರಲಿಲ್ಲ.
ಈಗ ಅದನ್ನೇ ಕಲಿಸಿ ಸಂಬಳ ತಗೊಳ್ತೇನೆ.

ಹೊಕ್ಕುಳಬಳ್ಳಿ ಹೂತಲ್ಲಿ ಋಣ ಅನ್ನುತ್ತಿದ್ದರು ಹಿಂದೆ.
ನನ್ನದು ಮರಳಿನಲ್ಲೆಲ್ಲೋ ಹೋಯಿತು.
ಅವಳದು ಹಳದಿ ಚೀಲದಲ್ಲಿ,
ಆಸ್ಪತ್ರೆಯ ಕಸದ ಲಾರಿ ಹತ್ತಿ.
ಹೂಳುವುದನ್ನೇ ಬಿಟ್ಟ ಮೇಲೆ ಮಾರಾಯ್ರೆ,
ನೆಲಕ್ಕೆ ಯಾರ ರುಚಿ ಗೊತ್ತಿರಬೇಕು?

ಪ್ರತಿವಾದಕ್ಕೆ ಎದ್ದವನು ಕಾವೂರಿನ ತೇಜಾಕ್ಷ,
ಮೀಸೆ ಈಗಷ್ಟೇ ಮೂಡುತ್ತಿರುವ ಹುಡುಗ.
ಒಂದೇ ಪ್ರಶ್ನೆ, ಎಂದ.
ಅಪ್ಪ ಅಮ್ಮ ಗಡಿ ದಾಟಿರಬಹುದು.
ಮಗು ಯಾವ ಗಡಿ ದಾಟಿತು?

ಫ್ಯಾನು ಕಿರಕಿರ ಅಂದಿತು.
ಬಿಪನಾ ಬಾಯಿ ತೆರೆದಳು, ಮುಚ್ಚಿದಳು,
ಬೋರ್ಡಿನ ಕಡೆ ನೋಡಿದಳು.
ಇನ್ನೂ ಹತ್ತು ಸೆಕೆಂಡು ಇತ್ತು.
ನಾನು ಗಂಟೆ ಬಾರಿಸಿದೆ.

ಯಾರನ್ನು ಉಳಿಸಲು ಎಂದು ಕೇಳಬೇಡಿ.

ಮೊದಲ ಬಹುಮಾನ ಅವಳಿಗೇ. ಸ್ಟೀಲಿನ ಬುತ್ತಿ,
ಜೊತೆಗೆ ರಾಜ್ಯಮಟ್ಟಕ್ಕೆ ಒಂದು ಅರ್ಜಿ.
ಹೆಸರು, ತರಗತಿ, ರಕ್ತದ ಗುಂಪು ಸರಸರ ತುಂಬಿ
ಐದನೇ ಕಾಲಂ ಹತ್ತಿರ ಪೆನ್ನು ನಿಲ್ಲಿಸಿ
ಇದೊಂದನ್ನು ಪೆನ್ಸಿಲಿನಲ್ಲಿ ಬರೆಯಲಾ ಮಿಸ್, ಅಂದಳು.
ಬರಿ, ಅಂದೆ.
ಕಾನೂನು ಗೊತ್ತಿದ್ದೂ ಅಷ್ಟೇ ಅಂದೆ.

ಬಸ್ಸಿನಲ್ಲಿ ಒಟ್ಟಿಗೆ ಬಂದೆವು.
ಕಂಡಕ್ಟರ್ ಕೈಯಲ್ಲಿ ನಾಣ್ಯ ಕುಲುಕುತ್ತಾ
ಒಡೆಗ್, ಎಂದ. ಎಲ್ಲಿಗೆ ಅಂತ ಅಷ್ಟೇ;
ಎಲ್ಲಿಂದ ಎಂದು ಈ ರೂಟಿನಲ್ಲಿ ಕೇಳುವ ಕ್ರಮವಿಲ್ಲ.
ಬಿಜೈಗ್, ಎಂದಳು ಅವಳು, ನೋಟು ಚಾಚಿ.
ಚಿಲ್ಲರೆ ಇಳಿಯುವಾಗ ಕೊಡ್ತೇನೆ, ಎಂದ.

ಇಳಿದಳು, ಬುತ್ತಿ ಎದೆಗೊತ್ತಿಕೊಂಡು, ಓಡುತ್ತಾ.
ಪಂಪು ಹಾಕುವ ಹೊತ್ತು ಮೀರಿತ್ತಂತೆ.
ಚಿಲ್ಲರೆ ಮರೆತಳು. ಅವನೂ ಮರೆತ.

ಲೆಕ್ಕಕ್ಕೆ ಬರೆದಿಡುತ್ತೇನೆ:
ಈ ಊರಿನಿಂದ ಅವಳಿಗೆ ಎರಡು ರೂಪಾಯಿ ಬಾಕಿ.